ಕೆಂಡದ ಮಾಯೆ, ಹೆಪ್ಪಿನ ಮಾಯೆ

ಕಾಯಿಸಿದ ಹಾಲಿಗೆ ಹೆಪ್ಪು ಹಾಕುವ ಮುಂಚೆ ಅದರೊಳಗೆ ಕಿರುಬೆರಳು ಅದ್ದಿ ಬಿಸಿ ನೋಡುವ ಅಭ್ಯಾಸ ನನ್ನನ್ನು ಇನ್ನೂ ಬಿಟ್ಟಿಲ್ಲ. ತಂಗಿಯ ಮಗಳು ಮೇಘನಾ ಇದನ್ನು ಕಂಡಾಗಲೆಲ್ಲ ಮೂಗು ಮುರಿಯುತ್ತಾಳೆ. ಬರುವ ಹುಟ್ಟುಹಬ್ಬಕ್ಕೆ ಒಂದು ಥರ್ಮಾಮೀಟರನ್ನೇ ಉಡುಗೊರೆ ಕೊಡುವುದಾಗಿ ಬೆದರಿಸಿಯೂ ಇದ್ದಾಳೆ. ಮಕ್ಕಳಿಗೆ ವಿಜ್ಞಾನ ಕಲಿಸಿಯೇ ನಿವೃತ್ತಳಾದ ನಾನು ಥರ್ಮಾಮೀಟರನ್ನು ಹಗುರವಾಗಿ ಕಾಣುವವಳಲ್ಲ. ಆದರೂ ಮಿತ್ರರೇ, ಹಾಲು ಬೆರಳಿಗೆ ಹಿತವೆನಿಸುವ ಆ ಒಂದು ಗಳಿಗೆಯನ್ನು ಬೆರಳೇ ಗುರುತಿಸಬೇಕು. ಅದಕ್ಕಿಂತ ಬಿಸಿಯಾದರೆ ಹೆಪ್ಪು ಸಾಯುತ್ತದೆ, ಆರಿದರೆ ಮಂಕಾಗಿ ಕುಳಿತುಬಿಡುತ್ತದೆ. ಒಂದು ಚಮಚ ಮೊಸರು ಒಂದು ಪಾತ್ರೆ ಹಾಲಿನ ಸ್ವಭಾವವನ್ನೇ ಸದ್ದಿಲ್ಲದೆ ಬದಲಿಸಿಬಿಡುವ ಈ ವ್ಯವಹಾರವನ್ನು ಅಡುಗೆಯೆಂದು ಕರೆದರೆ ಅದಕ್ಕೆ ಅನ್ಯಾಯ ಮಾಡಿದಂತೆ. ಇದು ಮಾಟ ಎಂದು ನನಗೆ ಮೊದಲು ಹೇಳಿದವಳು ನಸೀಮಾ.

ನಸೀಮಾಳ ಮಾತಿಗೆ ಬರುವ ಮುನ್ನ ಮೇಘನಾಳದ್ದೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಇಂದಿರಾನಗರದಲ್ಲಿರುವ ಈ ಹುಡುಗಿ ಭಾನುವಾರಗಳಲ್ಲಿ ರಿಚರ್ಡ್ಸ್ ಟೌನಿನ ನನ್ನ ಮನೆಗೆ ಊಟಕ್ಕೆ ಬರುವಾಗ ಒಬ್ಬಿಬ್ಬರು ಗೆಳೆಯರನ್ನೂ ಎಳೆದು ತರುತ್ತಾಳೆ. ಅವರೆಲ್ಲ ಯಾವುದೋ ಕಲ್ಪಿತ ಜಗತ್ತಿನ ಖಾಯಂ ಪ್ರಜೆಗಳು. ಅಲ್ಲಿನ ಮಾಂತ್ರಿಕರ ಪೈಕಿ ಯಾರು ಯಾರನ್ನು ಸೋಲಿಸಬಲ್ಲರು ಎಂಬ ಜಿಜ್ಞಾಸೆ ಒಮ್ಮೆ ಶುರುವಾಯಿತೆಂದರೆ ತಟ್ಟೆಯಲ್ಲಿ ಸಾರು ಆರಿ ಕೆನೆಗಟ್ಟಿದರೂ ಅವರಿಗೆ ಪರಿವೆ ಇರುವುದಿಲ್ಲ. "ಮಗಾ, ನಿನ್ನವನು ಮಂತ್ರ ಹೇಳಿ ಮುಗಿಸೋಷ್ಟರಲ್ಲಿ ನನ್ನವಳು ಅವನ ನೆರಳನ್ನೇ ಕದ್ದಿರ್ತಾಳೆ" ಎಂದು ಒಬ್ಬ, "ನೆರಳು ಕದಿಯೋಕೆ ಬಿಸಿಲು ಬೇಕಲ್ಲ ಗುರು" ಎಂದು ಇನ್ನೊಬ್ಬ. ಕೂದಲು ಸೀಳುವ ಈ ವಾದ ಕೇಳುತ್ತ ನಾನು ಒಂದು ದಿನ ನಕ್ಕುಬಿಟ್ಟೆ. ಮೇಘನಾ ನನಗೆ ತಾಳ್ಮೆಯಿಂದ ತಿಳಿಹೇಳಿದಳು: "ದೊಡ್ಡಮ್ಮ, ಇದಕ್ಕೆ ಮ್ಯಾಜಿಕ್ ಸಿಸ್ಟಮ್ ಅಂತಾರೆ. ಪ್ರತಿ ಮ್ಯಾಜಿಕ್‌ಗೂ ಒಂದು ಬೆಲೆ ಇರ್ಬೇಕು, ಒಂದು ಮಿತಿ ಇರ್ಬೇಕು. ಇಲ್ದಿದ್ರೆ ಮಜಾ ಇರಲ್ಲ."

"ಅದು ನಮಗೆ ಲಿಂಗರಾಜಪುರದ ರೈಲ್ವೆ ಗೇಟಲ್ಲೇ ಗೊತ್ತಿತ್ತು," ಎಂದೆ.

"ನಿಮಗೂ ಒಂದು ಯೂನಿವರ್ಸ್ ಇತ್ತಾ?"

"ಇತ್ತು ಅಂತ ಯಾಕಂತೀಯ, ಇದೆ," ಎಂದೇನೋ ಜಂಬದಿಂದ ಹೇಳಿದೆ. ಆದರೆ ಆ ಜಗತ್ತು ಇನ್ನೂ ಇದೆಯೋ, ಇಲ್ಲವೋ ಎಂಬುದು ಆ ದಿನಗಳಲ್ಲಿ ನನಗೇ ಗೊತ್ತಿರಲಿಲ್ಲ.

ಲಿಂಗರಾಜಪುರದ ವಠಾರದಲ್ಲಿ ನಮ್ಮ ಮನೆಗೂ ನಸೀಮಾಳ ಮನೆಗೂ ಒಂದೇ ಗೋಡೆ. ಶಾಲೆಯಿಂದ ಇಬ್ಬರೂ ಒಟ್ಟಿಗೆ ಬರುವಾಗ ರೈಲ್ವೆ ಗೇಟು ಮುಚ್ಚಿರುತ್ತಿತ್ತು. ಈಗ ಅಲ್ಲಿ ಮೇಲ್ಸೇತುವೆ ಬಂದು ಯಾರೂ ಯಾರಿಗೂ ಕಾಯಬೇಕಾಗಿಲ್ಲ, ಆಗ ಗೂಡ್ಸ್ ರೈಲು ತನ್ನ ಇಡೀ ಮೈಯನ್ನು ನಿಧಾನವಾಗಿ ಎಳೆದುಕೊಂಡು ಹೋಗುವ ತನಕ ಸೈಕಲ್ಲುಗಳೂ ಸೌದೆ ಗಾಡಿಗಳೂ ನಾವೂ ನಿಂತಿರಬೇಕಿತ್ತು. ರೈಲಿನ ಡಬ್ಬಿಗಳ ಸಂದಿನಲ್ಲಿ ಆಚೆ ಬದಿ ತುಣುಕು ತುಣುಕಾಗಿ ಕಾಣುತ್ತಿತ್ತು, ನಾವು ದಿನಾ ನಡೆಯುವ ಬೀದಿಯೇ ಬೇರೆ ಯಾವುದೋ ದೇಶದಂತೆ. ಹಾಗೆ ಹುಟ್ಟಿದ್ದು ನಮ್ಮ 'ಗೇಟಾಚೆ ನಾಡು'. ಅದರ ಅರ್ಧ ನನ್ನದು, ಅರ್ಧ ಅವಳದು.

ನನ್ನ ಸೀಮೆಯ ರಾಣಿ ಜ್ವಾಲಾವತಿ. ಹೆಸರಿನಲ್ಲೇ ಸಾಕಷ್ಟು ಹೊಗೆ ಇದೆಯೆಂದು ನಿಮಗೆ ಅನ್ನಿಸಿದರೆ ತಪ್ಪಲ್ಲ, ಆಗ ನನಗೆ ಹನ್ನೊಂದು ವರ್ಷ. ಅವಳದು ಕೆಂಡದ ಮಾಯೆ. ತನಗೆ ಪ್ರಿಯವಾದ ವಸ್ತುವೊಂದನ್ನು ಅವಳು ಬೆಂಕಿಗೆ ಹಾಕಬೇಕು. ಎಷ್ಟು ಪ್ರೀತಿಯ ವಸ್ತುವೋ ಅಷ್ಟು ದೊಡ್ಡ ಶಕ್ತಿ. ಕೂದಲು ಸುಟ್ಟು ನದಿಯನ್ನು ಹಿಂದಕ್ಕೆ ತಿರುಗಿಸಿದಳು, ಸಿಂಹಾಸನ ಸುಟ್ಟು ಬೆಟ್ಟವನ್ನು ನಡೆಸಿದಳು, ತಾನು ಹುಟ್ಟಿದ ಮನೆಯನ್ನೇ ಸುಟ್ಟು ಒಂದು ಇಡೀ ಸೈನ್ಯವನ್ನು ನಿದ್ದೆಗೆ ಕೆಡವಿದಳು. ಆ ದಿನ ನಾನೇ ಅತ್ತಿದ್ದೆ, ಆದರೆ ಅದು ಗೆದ್ದವಳ ಅಳು.

ನಸೀಮಾಳ ಸೀಮೆಗೆ ಅವಳಿಟ್ಟ ಹೆಸರು ದಹೀಪುರ. ಮೊಸರೂರಿನಿಂದ ಹೊರಟ ಸೈನ್ಯವನ್ನು ಕಂಡು ಯಾವ ಶತ್ರು ಹೆದರಿಯಾನು ಎಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಅಲ್ಲಿ ರಾಣಿಯೂ ಇಲ್ಲ, ಕಂಚಿನ ಬಟ್ಟಲು ಹಿಡಿದು ಓಡಾಡುವ ಮುನ್ನಿಖಾಲಾ ಎಂಬ ಮುದುಕಿ ಇದ್ದಾಳೆ, ಅಷ್ಟೆ. ಅಲ್ಲಿನದು ಹೆಪ್ಪಿನ ಮಾಯೆ. ಅದನ್ನು ಯಾರೂ ತಾವಾಗಿ ಹುಟ್ಟಿಸಲಾರರು. ಇನ್ನೊಬ್ಬರ ಬಾಗಿಲಿಗೆ ಹೋಗಿ ಒಂದು ಚಮಚ ಕೇಳಿ ತರಬೇಕು. ಕೊಟ್ಟವರದು ಕಡಿಮೆಯಾಗುವುದಿಲ್ಲ. ಆದರೆ ತಂದದ್ದನ್ನು ಅಲುಗಾಡಿಸದೆ ಮುಚ್ಚಿಟ್ಟು ಕಾಯಬೇಕು, ಹಂಚದೆ ಇಟ್ಟುಕೊಂಡರೆ ಹುಳಿಯಾಗಿ ಕೆಡುತ್ತದೆ. ನನ್ನ ಜ್ವಾಲಾವತಿ ಯುದ್ಧ ಸಾರಿದಾಗಲೆಲ್ಲ ದಹೀಪುರದ ಮಾಯೆ ಇನ್ನೂ ಹೆಪ್ಪಾಗಿರುತ್ತಿರಲಿಲ್ಲ. "ಸ್ವಲ್ಪ ತಡಿ, ಇನ್ನೂ ನೀರ್ ನೀರಾಗಿದೆ" ಎಂದು ನಸೀಮಾ ಗಂಭೀರವಾಗಿ ಹೇಳಿದರೆ ಯುದ್ಧವನ್ನು ಮುಂದೂಡುವುದು ಬಿಟ್ಟು ನನಗೆ ದಾರಿಯಿರಲಿಲ್ಲ.

ಆ ನಾಡಿಗೆ ಇನ್ನೊಂದು ಕಟ್ಟಳೆಯೂ ಇತ್ತು: ಹೊತ್ತು ಮುಳುಗಿದ ಮೇಲೆ ಮಾಯೆ ಹೆಪ್ಪಾಗುವುದಿಲ್ಲ. ಇದು ಬಂದದ್ದು ನಮ್ಮ ಅಮ್ಮನಿಂದ. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು ಹೊರಗೆ ಕೊಡಬಾರದೆಂಬ ಪದ್ಧತಿ ನಮ್ಮಲ್ಲಿ. ಸಂಜೆ ಬಟ್ಟಲು ಹಿಡಿದು ಬಂದ ಪುಟ್ಟ ನಸೀಮಾಳಿಗೆ ಅಮ್ಮ "ಈಗ ಬೇಡ ಕಂದ" ಎಂದಷ್ಟೇ ಹೇಳಿ ಕಳಿಸುತ್ತಿದ್ದರು, ಕಾರಣ ಹೇಳುತ್ತಿರಲಿಲ್ಲ. ಅವಳು ಅದನ್ನು ಮೊಸರಿನದೇ ಗುಣವೆಂದು ತಿಳಿದಳು. ಕತ್ತಲಾದ ಮೇಲೆ ಕೊಟ್ಟ ಹೆಪ್ಪು ಹಾಲಿಗೆ ಹತ್ತುವುದಿಲ್ಲ ಎಂದು. ಮದುವೆಯಾಗಿ ಶಿವಾಜಿನಗರದ ಅತ್ತೆಮನೆ ಸೇರಿದ ಹೊಸದರಲ್ಲಿ ಪಕ್ಕದವರೊಬ್ಬರು ಸಂಜೆ ಹೆಪ್ಪು ಕೇಳಿ ಬಂದಾಗ ಹೊಸ ಸೊಸೆ ವಿನಯದಿಂದ, "ಈಗ ತಗೊಂಡ್ರೆ ಹತ್ತಲ್ಲ, ಸುಮ್ನೆ ಹಾಲು ಹಾಳು" ಎಂದು ಬುದ್ಧಿ ಹೇಳಿ ಕಳಿಸಿದಳಂತೆ. ಮನೆಮಂದಿಯೆಲ್ಲ ನಕ್ಕ ನಗುವಿಗೆ ಅವಳ ಗಂಡ ರಫೀಕ್ ಭಾಯಿ ಮಾತ್ರ ಸೇರಲಿಲ್ಲ. ಎದ್ದು ಹೋಗಿ ತಾವೇ ಪಕ್ಕದ ಮನೆಗೆ ಮೊಸರು ಕೊಟ್ಟು ಬಂದು, ಮರುದಿನ ಬೆಳಿಗ್ಗೆ ಆ ಮನೆಯಿಂದ ಗಟ್ಟಿ ಮೊಸರು ತಂದು ಹೆಂಡತಿಗೆ ತೋರಿಸಿ, "ಇವತ್ತೊಂದು ದಿನ ಅದೃಷ್ಟ ಚೆನ್ನಾಗಿತ್ತು, ಹತ್ತಿಬಿಟ್ಟಿದೆ" ಎಂದರಂತೆ. ಅವಳು ನನ್ನ ಬಳಿ ಬಂದು, "ನಿಮ್ಮಮ್ಮ ನನ್ನ ಮರ್ಯಾದೆ ತೆಗೆದ್ಬಿಟ್ರು ಕಣೆ" ಎಂದು ಜಗಳ ತೆಗೆದದ್ದೂ ನಿಜ, ಜಗಳದ ನಡುವೆ ಆ ಗಂಡಸನ್ನು ನೆನೆದು ಕೆಂಪಾದದ್ದೂ ನಿಜ.

ನಾವು ಬೆಳೆದೆವು, ನಾಡು ಬೆಳೆಯುವುದು ನಿಲ್ಲಲಿಲ್ಲ. ಮದುವೆ ಛತ್ರಗಳಲ್ಲಿ, ಬಸ್ಸಿನಲ್ಲಿ, ಆಮೇಲೆ ಫೋನಿನಲ್ಲಿ, ಮಕ್ಕಳ ಜ್ವರದ ನಡುವೆ, ಹಪ್ಪಳ ಒಣಗಿಸುತ್ತ, ಇಬ್ಬರು ಮಧ್ಯವಯಸ್ಸಿನ ಹೆಂಗಸರು ರಾಣಿಯೊಬ್ಬಳ ಮತ್ತು ಮುದುಕಿಯೊಬ್ಬಳ ಪರವಾಗಿ ವಾದಿಸುತ್ತಿದ್ದೆವು. ಒಬ್ಬರ ಪಾತ್ರವನ್ನು ಇನ್ನೊಬ್ಬರು ಕೊಲ್ಲುವಂತಿಲ್ಲ, ಇಬ್ಬರೂ ಒಪ್ಪದೆ ಕಟ್ಟಳೆ ಬದಲಿಸುವಂತಿಲ್ಲ ಎಂಬುದು ನಮ್ಮ ಒಪ್ಪಂದ. ನನ್ನದು ಶ್ರೇಷ್ಠವೆಂದು ನಾನು ಅಷ್ಟು ವರ್ಷವೂ ಬಿಟ್ಟುಕೊಡಲಿಲ್ಲ. ತ್ಯಾಗವಿಲ್ಲದೆ ಶಕ್ತಿ ಎಲ್ಲಿಂದ ಬರಬೇಕು? ತಪಸ್ಸು ಮಾಡಿದವರಿಗೆ ವರ, ಉಪವಾಸ ಇದ್ದವರಿಗೆ ಪುಣ್ಯ, ಕಳೆದುಕೊಂಡವರಿಗೆ ದೊಡ್ಡತನ. ನಾನು ಬೆಳೆದ ಮನೆಯ ಗಾಳಿಯಲ್ಲೇ ಇದು ಇತ್ತು. ನಸೀಮಾ ಬೆಳೆದದ್ದು ಒಂದೇ ತಟ್ಟೆಗೆ ಐದಾರು ಕೈಗಳು ಬೀಳುವ ಮನೆಯಲ್ಲಿ. ಅವರವರ ಮಾಯೆ ಅವರವರ ಮನೆಯ ಅಡುಗೆಕೋಣೆಯಿಂದಲೇ ಹುಟ್ಟುತ್ತದೆಂದು ಈಗ ನನಗೆ ತೋರುತ್ತದೆ.

ಹೋದ ವರ್ಷ ರಫೀಕ್ ಭಾಯಿ ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದು ಅಂಗಡಿಗೆ ಹೊರಟವರು ಮೆಟ್ಟಿಲ ಮೇಲೆ ಕುಳಿತರು, ಏಳಲಿಲ್ಲ. ಗಂಡನನ್ನು ಕಳೆದುಕೊಂಡ ಹೆಣ್ಣು ಮನೆಯೊಳಗೇ ಇರಬೇಕಾದ ಇದ್ದತ್‌ನ ತಿಂಗಳುಗಳು ಅವರ ಪದ್ಧತಿಯಂತೆ ಕಳೆದವು. ಇದ್ದತ್ ಮುಗಿಯಿತು, ನಸೀಮಾ ಮಾತ್ರ ಹೊರಗೆ ಬರಲಿಲ್ಲ. ನಾನು ವಾರಕ್ಕೆರಡು ಸಲ ಹೋಗಿ ಕೂರುತ್ತಿದ್ದೆ. "ಊಟ ಆಯ್ತಾ?" "ಹೂಂ." "ನಿದ್ದೆ ಬಂತಾ?" "ಹೂಂ." ಬಾಯಿಗೆ ಬೀಗ ಹಾಕಿಕೊಂಡವಳಂತೆ ಕಿಟಕಿ ನೋಡುತ್ತ ಕೂರುತ್ತಿದ್ದಳು. "ನಮ್ ಹತ್ರಾನೂ ಹಿಂಗೇ ಆಂಟಿ. ನೀವಾದ್ರೂ ಮಾತಾಡ್ಸಿ," ಎಂದು ಅವಳ ಮಗಳು ಬಾಗಿಲ ಬಳಿ ಪಿಸುಗುಟ್ಟಿದಳು. ನನ್ನ ಬಾಲ್ಯವನ್ನು ಬಲ್ಲವರು ಈ ಊರಿನಲ್ಲಿ ಉಳಿದಿರುವುದು ನಸೀಮಾ ಒಬ್ಬಳೇ. ಅವಳು ನನ್ನ ಕಣ್ಣೆದುರೇ ದೂರವಾಗುತ್ತಿದ್ದಳು, ನನಗೆ ನಿಜಕ್ಕೂ ಭಯವಾಗಿತ್ತು.

ಕಡೆಗೆ ಗೇಟಾಚೆ ನಾಡನ್ನೇ ಎಳೆದು ತಂದೆ. ಜ್ವಾಲಾವತಿ ದಹೀಪುರದ ಗಡಿಗೆ ಬಂದಿದ್ದಾಳೆ, ಎಲ್ಲವನ್ನೂ ಸುಟ್ಟುಕೊಂಡು ಬಂದಿದ್ದಾಳೆ, ಹಿಂದೆಂದೂ ಇಲ್ಲದ ಶಕ್ತಿ ಅವಳಿಗೆ ಬಂದಿದೆ ಎಂದು ಉತ್ಸಾಹದಿಂದ ಶುರುಮಾಡಿದೆ. ನಸೀಮಾ ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು.

"ನಿನ್ ರಾಣಿ ಸುಳ್ಳು, ಸುಮಿ," ಎಂದಳು. "ಸುಟ್ರೆ ಶಕ್ತಿ ಬರುತ್ತೆ ಅಂತಿದ್ದೆ. ನಂದು ಎಲ್ಲಾ ಸುಟ್ಟೋಯ್ತು. ಎದ್ದು ಒಂದ್ ಲೋಟ ನೀರು ತಗೊಳ್ಳೋಕೂ ಕೈಯಲ್ಲಿ ಆಗ್ತಿಲ್ಲ."

ನಾನು ಎದ್ದು ಬಂದೆ. ಶಿವಾಜಿನಗರದ ಬಸ್ ನಿಲ್ದಾಣದ ತನಕ ನಡೆದೆ, ಬಸ್ಸು ಬಂದರೂ ಹತ್ತಲಿಲ್ಲ. ಅರವತ್ತರ ಹತ್ತಿರ ಬಂದ ಹೆಂಗಸೊಬ್ಬಳು ಹಣ್ಣಿನ ಗಾಡಿಗಳ ನಡುವೆ ನಿಂತು ಹನ್ನೊಂದು ವರ್ಷದ ಹುಡುಗಿಯ ಕಲ್ಪನೆಯೊಂದು ಸೋತದ್ದಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದಳೆಂದರೆ ನೀವು ನಗಬಹುದು. ಆದರೆ ಕಳೆದುಕೊಂಡದ್ದು ವ್ಯರ್ಥವಾಗುವುದಿಲ್ಲ, ಎಲ್ಲೋ ಏನೋ ಆಗಿ ನಮ್ಮ ಕೈಗೆ ಮರಳುತ್ತದೆ ಎಂಬ ಭರವಸೆಯ ಮೇಲೆ ನಾನು ಒಂದು ರಾಜ್ಯವನ್ನೇ ಕಟ್ಟಿದ್ದೆ, ನನ್ನ ಬದುಕನ್ನೂ ಅಷ್ಟಿಷ್ಟು ಅದರ ಮೇಲೆಯೇ ಕಟ್ಟಿದ್ದೆ. ನನ್ನ ಯಜಮಾನರನ್ನು ಕಳೆದುಕೊಂಡಾಗಲೂ ಇನ್ನು ಮೇಲೆ ನಾನು ಗಟ್ಟಿಯಾಗುತ್ತೇನೆಂದು ಹಲ್ಲು ಕಚ್ಚಿ ಕಾದಿದ್ದವಳು ನಾನು. ಗಟ್ಟಿಯೇನೂ ಆಗಲಿಲ್ಲ, ಮಾಡಲು ಕೆಲಸವಿತ್ತು, ಮಾಡಿದೆ. ಉರಿದು ಹೋದದ್ದು ಬೂದಿಯಾಗುತ್ತದೆ ಎಂದು ತರಗತಿಯಲ್ಲಿ ಅಷ್ಟು ವರ್ಷ ಕಲಿಸಿದ್ದೂ ನಾನೇ.

ಮುಂದಿನ ಸಲ ಹೋದಾಗ ಯಾವ ಹಂಚಿಕೆಯೂ ನನ್ನಲ್ಲಿರಲಿಲ್ಲ. ಅವಳ ಪಕ್ಕ ಮಂಚದ ಮೇಲೆ ಕುಳಿತೆ. ಮಗಳು ಒಳಗೆ ಅಕ್ಕಿ ತೊಳೆಯುತ್ತಿದ್ದಳು. ಸುಮ್ಮನಿರಲಾರದೆ ನನಗೆ ಅನ್ನಿಸಿದ್ದನ್ನೇ ಹೇಳಿದೆ.

"ಜ್ವಾಲಾವತಿ ಹತ್ರ ಶಕ್ತಿ ಇಲ್ಲ ನಸೀಮಾ. ಯಾವತ್ತೂ ಇರ್ಲಿಲ್ಲ ಅಂತ ಕಾಣುತ್ತೆ. ಅವಳಿಗೆ ಈಗ ಸುಡೋಕೂ ಏನಿಲ್ಲ, ಚಳಿ ಆಗ್ತಿದೆ. ಮುನ್ನಿಖಾಲಾ ಮನೆ ಬಾಗಿಲಿಗೆ ಬಂದು ಕೂತಿದ್ದಾಳೆ. ಯುದ್ಧಕ್ಕಲ್ಲ. ಎಷ್ಟ್ ತಟ್ಟಿದ್ರೂ ಮುನ್ನಿಖಾಲಾ ಬಾಗಿಲು ತೆಗೀತಿಲ್ಲ."

ನಸೀಮಾಳ ಹುಬ್ಬು ಗಂಟಿಕ್ಕಿತು, ನನಗೆ ಬಾಲ್ಯದಿಂದ ಗೊತ್ತಿರುವ ಗಂಟು.

"ಯಾರು ತೆಗೀತಿಲ್ಲ?"

"ಮುನ್ನಿಖಾಲಾ."

"ನಿಂಗ್ಯಾರು ಹೇಳಿದ್ದು?" ದನಿಯಲ್ಲಿ ಸಿಟ್ಟಿತ್ತು. "ಬಾಗಿಲಿಗೆ ಬಂದವರನ್ನ ಮುನ್ನಿಖಾಲಾ ಹೊರಗೆ ಕೂರಿಸ್ತಾಳಾ? ಇಷ್ಟ್ ವರ್ಷ ಆಯ್ತು, ಅವಳು ಎಂಥವಳು ಅಂತ ನಿಂಗೆ ಗೊತ್ತಾಗಿಲ್ವಾ? ನನ್ ಪಾತ್ರ ಅದು, ನೀನ್ಯಾಕ್ ಹೇಳ್ತೀಯ?"

"ಮತ್ತೆ ನೀನು ಹೇಳ್ತಿಲ್ವಲ್ಲ," ಎಂದೆ. ಒಳಗೆ ಅಕ್ಕಿ ತೊಳೆಯುವ ಸದ್ದು ನಿಂತಿತ್ತು.

"ಅವಳಿಗೆ ಮಂಡಿ ನೋವು. ಎದ್ದು ಬರೋಕೆ ಹೊತ್ತಾಗುತ್ತೆ, ಅಷ್ಟೆ," ಎಂದಳು ನಸೀಮಾ. ಮಾತು ತಡೆತಡೆದು ಬರುತ್ತಿತ್ತು, ಆದರೆ ಬರುತ್ತಿತ್ತು. "ಗೋಡೆ ಹಿಡ್ಕೊಂಡು ಬಂದು ಚಿಲಕ ತೆಗೀತಾಳೆ. ನಿನ್ ರಾಣಿ ನೋಡಿದ್ರೆ ನಡುಗ್ತಾ ಇದ್ದಾಳೆ, ಮೈಮೇಲೆ ಒಂದು ಶಾಲೂ ಇಲ್ಲ. 'ಅಂದರ್ ಆ ಮಾ, ಥಂಡಿ ಹೈ' ಅಂತಾಳೆ. ಒಳಗೆ ಬಾ, ಚಳಿ ಇದೆ ಅಂತ."

"ಮಾಯೆ ಕೊಡ್ತಾಳಾ?"

"ಎಲ್ಲಿಂದ ಕೊಡ್ತಾಳೆ, ಅವಳ ಬಟ್ಟಲೂ ಖಾಲಿ." ನಸೀಮಾಳ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ, ಕತೆಯನ್ನೂ ನಿಲ್ಲಿಸಲಿಲ್ಲ. "ಇಬ್ಬರ ಹತ್ರಾನೂ ಏನಿಲ್ಲ. ಅದಕ್ಕೇನೀಗ? ಚಹಾ ಮಾಡೋಕೆ ಮಾಯೆ ಬೇಕಾ?"

ಅವಳ ಕೈ ಹಿಡಿದುಕೊಂಡೆ. ಗೇಟಾಚೆ ನಾಡಿನ ಇಷ್ಟು ವರ್ಷಗಳ ಇತಿಹಾಸದಲ್ಲಿ ನಾನು ಸೋಲೊಪ್ಪಿಕೊಂಡದ್ದು ಅದೇ ಮೊದಲು, ಅಷ್ಟು ಸಂತೋಷ ನನಗೆ ಯಾವ ಗೆಲುವಿನಲ್ಲೂ ಆಗಿರಲಿಲ್ಲ. ಮುಂದೇನಾಯಿತೆಂದು ಕೇಳಿದೆ.

ನಸೀಮಾ ಮಂಚದಿಂದ ಕಾಲು ಕೆಳಗಿಳಿಸಿದಳು. ಗೋಡೆಗೆ ಕೈಕೊಟ್ಟು ನಿಧಾನವಾಗಿ ಎದ್ದು ನಿಂತಳು.

"ಚಹಾ ಇಡ್ತೀನಿ ಇರು," ಎಂದಳು. "ಇದು ಉದ್ದ ಇದೆ."