ಅಲ್ ಶಮಾಲಿನ ಎಂಟನೆಯ ಅಂಗಡಿ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕು ಎದ್ದುಹೋಗುತ್ತಿದ್ದೆ. ಟೇಪು ಹಿಡಿದು ಅನ್ನ ಉಣ್ಣುವವನು ನಾನು. ಅಳತೆಗೆ ಸಿಗದ್ದು ಇಲ್ಲವೇ ಇಲ್ಲ ಎಂದು ವಾದಿಸುತ್ತಿದ್ದೆ. ಹಾಗಾಗಿ ಇದನ್ನು ನೀವು ನಂಬಲೇಬೇಕು ಎನ್ನುವ ಮುಖ ನನಗಿಲ್ಲ.

ಎರಡು ಸಾವಿರದ ಐದಾರರ ಸುಮಾರಿಗೆ ಕತಾರಿನ ಸಣ್ಣ ಸರ್ವೆ ಕಂಪನಿಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಅಲ್ ಗರಾಫಾದಲ್ಲಿ ಕೋಣೆ. ಜೊತೆಗಿದ್ದ ಇಬ್ಬರದೂ ರಾತ್ರಿ ಪಾಳಿ. ನಾನು ಬರುವಷ್ಟರಲ್ಲಿ ಅವರು ಹೊರಟಿರುತ್ತಿದ್ದರು. ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲದೆ ವಾರಗಳು ಕಳೆಯುತ್ತಿದ್ದವು.

ಉತ್ತರದ ಅಲ್ ಶಮಾಲ್ ಕಡೆ ಒಂದು ಹಳೆಯ ಅಂಗಡಿಬೀದಿಯಿತ್ತು. ಕೆಡವುವ ಮೊದಲು ಅದರ ನಕ್ಷೆ ಮಾಡಿಡಬೇಕಿತ್ತು. ಬೀದಿಯೆಂದರೆ ಕಲ್ಲುಮಣ್ಣಿನ ಒಂದೇ ಸಾಲು. ಜನ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಡ್ರೈವರ್ ಉಳ್ಳಾಲದ ಹಮೀದಾಕ ನನ್ನನ್ನು ಇಳಿಸಿ ಮಧ್ಯಾಹ್ನದ ನಮಾಜಿಗೆ ಹೋದರು. ಟೇಪಿನ ತುದಿಯನ್ನು ಮೊಳೆಗೆ ಸಿಕ್ಕಿಸಿ ಒಬ್ಬನೇ ಒಂದೊಂದಾಗಿ ಅಳೆಯುತ್ತ ಹೋದೆ.

ಕೊನೆಯ ಅಂಗಡಿ, ಎಂಟನೆಯದು, ತೆರೆದಿತ್ತು. ಒಳಗೆ ಬಿಳಿ ಬನಿಯನ್ನಿನ ಒಬ್ಬರು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರು. ನನ್ನನ್ನು ನೋಡಿ ತುಳುವಿನಲ್ಲಿ, "ವಣಸ್ ಆಂಡಾ?" ಎಂದರು.

ಊಟವಾಯಿತೇ ಎಂದು ಯಾರೂ ನನ್ನನ್ನು ಕೇಳದೆ ತಿಂಗಳುಗಳಾಗಿದ್ದವು. ಆಗಿರದಿದ್ದರೂ "ಆಂಡ್" ಎಂದೆ. ಅಷ್ಟೇ. ಕತಾರಿನಲ್ಲಿ ನಮ್ಮವರು ಎಲ್ಲಿಲ್ಲ? ವಿಶೇಷವೇನೂ ಅನಿಸಲಿಲ್ಲ. ಅವರು ಎದ್ದು ಬಂದು ಟೇಪಿನ ತುದಿ ಹಿಡಿದರು. ಅತ್ತಣಿಂದ ಬಿಗಿಯಾಗಿ ಎಳೆದದ್ದು ನನ್ನ ಬೆರಳಿಗೆ ತಿಳಿಯಿತು. ಅಗಲ, ಉದ್ದ, ಬಾಗಿಲಿನ ಎತ್ತರ ಬರೆದುಕೊಂಡು ನೆರಳು ಹುಡುಕಿ ಹೊರಟೆ.

ಹಮೀದಾಕ ಬಂದ ಮೇಲೆ ಇಬ್ಬರೂ ಮತ್ತೊಮ್ಮೆ ಎಣಿಸಿದೆವು.

"ಶೆಟ್ರೇ, ಏಳೇ ಉಂಟಲ್ಲ ಮಾರಾಯ್ರೆ! ಬಿಸಿಲು ತಲೆಗೆ ಏರಿತಾ?"

ಏಳನೆಯದರ ಆಚೆ ಬರೀ ಮರಳು. ಪುಸ್ತಕದಲ್ಲಿ ಮಾತ್ರ ಎಂಟನೆಯದರ ಅಳತೆ ನನ್ನದೇ ಅಕ್ಷರದಲ್ಲಿತ್ತು. ತಪ್ಪು ನಕ್ಷೆ ಕೊಟ್ಟರೆ ಕೆಲಸ ಹೋಗುವ ಭಯವಿತ್ತು. ಆದರೂ ಅದನ್ನು ಅಳಿಸಲು ಕೈ ಬರಲಿಲ್ಲ, ನಕ್ಷೆಯಲ್ಲಿ ಚುಕ್ಕೆಗೆರೆಯಿಂದ ಗುರುತಿಸಿದೆ.

ವಾರದ ನಂತರ ಬೀದಿಯ ಯಜಮಾನನಿಗೆ ನಕ್ಷೆ ತೋರಿಸಲು ಹೋದೆವು. ಬಹಳ ವಯಸ್ಸಾದ ಅರಬ. ಬೆರಳು ಓಡಿಸುತ್ತ ಬಂದವನು ಚುಕ್ಕೆಗೆರೆಯ ಮೇಲೆ ನಿಲ್ಲಿಸಿ ಏನೋ ಕೇಳಿದ. ಹಮೀದಾಕ ನನ್ನತ್ತ ತಿರುಗಿ, "ಇದನ್ನು ನಿಮಗೆ ಯಾರು ಹೇಳಿದ್ದು ಅಂತ ಕೇಳ್ತಾರೆ. ಇವರು ಸಣ್ಣವರಿರುವಾಗ ಅಲ್ಲಿ ಒಬ್ಬ ಇಂಡಿಯಾದ ದರ್ಜಿ ಇದ್ದನಂತೆ. ಅವನು ತೀರಿಕೊಂಡ ಮೇಲೆ ಅಂಗಡಿ ಬಿದ್ದು ಖಲಾಸ್," ಎಂದರು. ಅವರ ದನಿ ಇಳಿದಿತ್ತು.

ನಡೆದದ್ದನ್ನೆಲ್ಲ ಹೇಳಿದೆ. ಮುದುಕ ನಗಲಿಲ್ಲ. ಒಂದೇ ಮಾತು ಕೇಳಿದ.

"ಅವನ ಊರು ಯಾವುದು ಅಂತ ಹೇಳಿದನಾ ಅಂತ ಕೇಳ್ತಾರೆ," ಎಂದರು ಹಮೀದಾಕ. "ಸಾವಿನ ಸುದ್ದಿ ಯಾರಿಗೆ ಮುಟ್ಟಿಸುವುದು ಅಂತ ಇವರ ಮನೆಯವರಿಗೆ ಗೊತ್ತೇ ಆಗಲಿಲ್ಲವಂತೆ."

ನಾನು ಕೇಳಿರಲಿಲ್ಲ. ಪರದೇಶದಲ್ಲಿ ನಮ್ಮವರು ಸಿಕ್ಕರೆ ಮೊದಲು ಕೇಳುವುದೇ ಅದನ್ನು. ಆ ದಿನ ಯಾಕೆ ಕೇಳಲಿಲ್ಲ, ನಾನು ಕಂಡದ್ದಾದರೂ ಏನು, ಇವತ್ತಿಗೂ ನನಗೆ ತಿಳಿದಿಲ್ಲ.

ಮುಂದಿನ ಶುಕ್ರವಾರ ರಜೆಯಲ್ಲಿ ಒಬ್ಬನೇ ಅಲ್ಲಿಗೆ ಹೋದೆ. ಆ ಮರಳಿನ ಮೇಲೆ ನಿಂತು ನಾಚಿಕೆ ಬಿಟ್ಟು, ಅವರ ಊರು ಯಾವುದೆಂದು ತುಳುವಿನಲ್ಲೇ ಗಟ್ಟಿಯಾಗಿ ಕೇಳಿದೆ: "ಇರೆನ ಊರು ಓಲು?"

ಸಂಜೆಯವರೆಗೂ ಕಾದೆ.