ಪರದೆಯ ಮೇಲೆ ಜೋಕಿಮನ ಕೆನ್ನೆ

ಕಾಪುವಿನ ಜೋಕಿಮನಿಗೆ ಹಾವಿನ ಹೆದರಿಕೆ ಇರಲಿಲ್ಲ, ಸಮುದ್ರದ ಹೆದರಿಕೆಯಂತೂ ಮೊದಲೇ ಇರಲಿಲ್ಲ. ಆ ಮನುಷ್ಯ ಹೆದರಿ ಸಾಯುತ್ತಿದ್ದದ್ದು ತನ್ನದೇ ಎರಡು ಕೆನ್ನೆಗಳಿಗೆ. ಕೇಳಿದವರು ನಗಬಹುದು. ಅವನ ಜಾಗದಲ್ಲಿ ನಿಂತರೆ ನಗು ಬರುವುದಿಲ್ಲ.

ಚಿಕ್ಕಂದಿನಲ್ಲಿ ಇಗರ್ಜಿಯ ಬ್ಯಾಂಡಿನಲ್ಲಿ ಟ್ರಂಪೆಟ್ ಕಲಿತವನು ಅವನು. ಮದುವೆಗೂ ಊದಿದ್ದ, ಶವಯಾತ್ರೆಗೂ ಊದಿದ್ದ. ಓದು ಮಾತ್ರ ಎಂಟನೆಯ ಕ್ಲಾಸಿಗೇ ಕೈಕೊಟ್ಟಿತ್ತು. ಎಪ್ಪತ್ತೆರಡರಲ್ಲಿ ಮಣಿಪಾಲದಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿ ಕಾಲೇಜಿನ ಬ್ಯಾಂಡ್ ಕಟ್ಟಿದಾಗ, ಹುಡುಗರ ಜೊತೆ ಗಟ್ಟಿಯಾಗಿ ಊದುವ ಒಂದಿಬ್ಬರು ಬೇಕಾದರು. ಹಾಗೆ ಅವನಿಗೆ ಲ್ಯಾಬಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. "ನಿನಗೆ ಕೆಲಸ ಕೊಟ್ಟದ್ದು ಗಾಜು ತೊಳೆಯಲಿಕ್ಕಲ್ಲ, ಊದಲಿಕ್ಕೆ. ಊದುವುದು ನಿಂತ ದಿನ ಕೆಲಸವೂ ನಿಂತಿತು" ಎಂದು ಬ್ಯಾಂಡ್ ಮಾಸ್ತರ ಬೆಂಜಮಿನ್ ಮೊದಲ ದಿನವೇ ಹೇಳಿದ್ದರು. ಅವರು ಕಾರ್ಕಳದವರು, ಮಿಲಿಟರಿ ಬ್ಯಾಂಡಿನಲ್ಲಿದ್ದು ಬಂದವರು. ಹನ್ನೆರಡು ಟ್ರಂಪೆಟ್‌ಗಳಲ್ಲಿ ತಪ್ಪಿದ್ದು ಯಾರದೆಂದು ತಿರುಗಿ ನೋಡದೆಯೇ ಹೇಳುತ್ತಿದ್ದರು.

ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಬಜಗೋಳಿಯಲ್ಲಿ ನೆಂಟರ ಮದುವೆ ಮುಗಿಸಿ ಬರುವಾಗ ಜೋಕಿಮ್ ಬಸ್ಸಿನ ಮೆಟ್ಟಿಲಿನಿಂದ ಜಾರಿದ. ಕೈಯಲ್ಲಿ ಟ್ರಂಪೆಟ್ ಇತ್ತು. ಎರಡೂ ಕೈಯಿಂದ ಅದನ್ನು ಎತ್ತಿ ಹಿಡಿದು ಕಾಪಾಡಿದ ಪುಣ್ಯಾತ್ಮ ಮುಖವನ್ನು ಕಲ್ಲಿಗೆ ಕೊಟ್ಟ. ಮೇಲಿನ ಮುಂದಿನ ಹಲ್ಲುಗಳು ಹೋದವು. ಕಟ್ಟಿಸಿಕೊಂಡ ಹಲ್ಲು ಮೊದಲಿನದಕ್ಕಿಂತ ಚಂದ ಕಾಣುತ್ತಿತ್ತು. ಆದರೆ ಟ್ರಂಪೆಟನ್ನು ತುಟಿಗೆ ಒತ್ತಿದರೆ ಹಲ್ಲಿನ ಸೆಟ್ ಅಲ್ಲಾಡಿ, ಬರೀ ಗಾಳಿ ಫುಸ್ಸೆಂದು ಹೋಗುತ್ತಿತ್ತು.

ಹೆಂಡತಿ ಸಿಸಿಲಿಯಾ ಒಬ್ಬಳನ್ನು ಬಿಟ್ಟರೆ ಯಾರಿಗೂ ಹೇಳಲಿಲ್ಲ. ಎರಡನೆಯ ಸಾಲಿನಲ್ಲಿ ನಿಂತು, ಟ್ರಂಪೆಟನ್ನು ತುಟಿಗೆ ತಾಗಿಸಿ, ಬೆರಳು ಮಾತ್ರ ಆಡಿಸತೊಡಗಿದ. ಉಳಿದ ಹನ್ನೊಂದರ ಸದ್ದಿನಲ್ಲಿ ಒಂದು ಮೂಕವಾದದ್ದು ಗೊತ್ತಾಗಲಿಲ್ಲ. ಅವನಿಗೆ ಮಾತ್ರ ಪ್ರತಿ ಪ್ರಾಕ್ಟೀಸಿನಲ್ಲೂ ಜೀವ ಬಾಯಿಗೆ ಬರುತ್ತಿತ್ತು. ಯಾಕೆಂದರೆ ಮಾಸ್ತರರ ಕಣ್ಣು ಎಲ್ಲರನ್ನೂ ಬಿಟ್ಟು ಅವನ ಮೇಲೆಯೇ ನೆಟ್ಟಿರುತ್ತಿತ್ತು. ಮೊದಲು ಬಾಯಿ ತುಂಬ ಬಯ್ಯುತ್ತಿದ್ದವರು ಈಚೆಗೆ ಬಯ್ಯುತ್ತಲೂ ಇರಲಿಲ್ಲ.

ಹೀಗಿರುವಾಗ ಎಂಬತ್ತನಾಲ್ಕರಲ್ಲಿ ನೋಟಿಸು ಬಂತು. ಇಷ್ಟು ವರ್ಷ ಬ್ಯಾಂಡಿನ ಪೆರೇಡುಗಳನ್ನು ತೆಗೆದಿದ್ದ ಫಿಲ್ಮ್ ರೀಲುಗಳನ್ನೆಲ್ಲ ಒಟ್ಟುಮಾಡಿದ್ದಾರೆ, ಭಾನುವಾರ ಸಭಾಂಗಣದಲ್ಲಿ ತೋರಿಸುತ್ತಾರೆ, ಶಬ್ದ ಇಲ್ಲ, ಚಿತ್ರ ಮಾತ್ರ.

ಶಬ್ದ ಇಲ್ಲ ಎಂದು ಓದಿ ಜೋಕಿಮ್ ಮೊದಲು ಶಿಲುಬೆಯ ಗುರುತು ಹಾಕಿಕೊಂಡ. ಮನೆಗೆ ಬಂದು ಅನ್ನಕ್ಕೆ ಕೂತಾಗ ವಿಷಯ ಹೊಳೆಯಿತು. ಶಬ್ದ ಇದ್ದಿದ್ದರೆ ಹನ್ನೊಂದು ಟ್ರಂಪೆಟ್‌ಗಳು ಅವನನ್ನು ಮುಚ್ಚಿಡುತ್ತಿದ್ದವು. ಶಬ್ದ ಇಲ್ಲದಿದ್ದರೆ ಜನ ನೋಡುವುದು ಮುಖವನ್ನೇ. ಊದುವವನ ಕೆನ್ನೆ ಉಬ್ಬಬೇಕು. ಅವನ ಕೆನ್ನೆ ಉಬ್ಬದೆ ಐದು ವರ್ಷವಾಗಿತ್ತು. ತಟ್ಟೆ ಪಕ್ಕಕ್ಕೆ ಸರಿಸಿದ.

"ನಿಮ್ಮ ಕೆನ್ನೆ ಯಾರು ನೋಡುತ್ತಾರೆ? ಎಲ್ಲರೂ ಅವರವರ ಮುಖ ಹುಡುಕುವುದು" ಎಂದಳು ಸಿಸಿಲಿಯಾ.

"ಮಾಸ್ಟ್ರು ಹುಡುಕುವುದು ನನ್ನದೇ."

"ಹಾಗಾದರೆ ಜ್ವರ ಅಂತ ಹೇಳಿ, ಹೋಗಬೇಡಿ."

"ಹೋಗದಿದ್ದರೆ ಸಂಶಯ ಬರುವುದಿಲ್ವಾ?"

ಭಾನುವಾರ ಗಂಡಹೆಂಡತಿ ಸಭಾಂಗಣದ ಮೂಲೆಯಲ್ಲಿ ಕೂತರು. ಬೆಂಜಮಿನ್ ಬಂದು, ಎಲ್ಲ ಕುರ್ಚಿ ಬಿಟ್ಟು, ಸರಿಯಾಗಿ ಅವನ ಹಿಂದೆಯೇ ಕೂತರು. ದೀಪ ಆರಿತು. ಮೊದಲ ರೀಲು ಎಪ್ಪತ್ತನಾಲ್ಕರದು, ಕಾರ್ಕಳದ ಮೈದಾನ. ಪರದೆಯ ಮೇಲೆ ತೆಳ್ಳಗಿನ ಜೋಕಿಮ್ ಕಾಣಿಸಿಕೊಂಡ. ಕೆನ್ನೆಗಳು ಎಣ್ಣೆಯಲ್ಲಿ ಉಬ್ಬಿದ ಪೂರಿಗಳು. ಹುಡುಗರು ಚಪ್ಪಾಳೆ ಹೊಡೆದು ನಕ್ಕರು. ಆ ಊದುವವನನ್ನು ನೋಡಿ ಜೋಕಿಮನಿಗೆ ಅಳು ಬಂತು. ಕಳೆದುಹೋದದ್ದು ಹಲ್ಲಲ್ಲ, ಪರದೆಯ ಮೇಲಿನ ಆ ಜೋಕಿಮನೇ ಎಂದು ಅನಿಸಿತು.

ಮುಂದಿನ ರೀಲು ಎಂಬತ್ತೊಂದರದು, ಉಡುಪಿಯ ಅಜ್ಜರಕಾಡು ಮೈದಾನ. ಕ್ಯಾಮೆರಾ ಮಾಸ್ತರರ ಬೆನ್ನಿನ ಹಿಂದಿನಿಂದ ಬಂತು. ತಾಳ ತೋರಿಸುವ ಅವರ ಕೋಲು, ಅದರಾಚೆ ಎರಡನೆಯ ಸಾಲು. ಪಕ್ಕದ ಲೂಯಿಸನ ಕೆನ್ನೆ ಉಬ್ಬಿತ್ತು, ಆಚೆಯವನದೂ ಉಬ್ಬಿತ್ತು. ನಡುವೆ ಜೋಕಿಮನ ಕೆನ್ನೆ ಪಾಸ್‌ಪೋರ್ಟ್ ಫೋಟೋಕ್ಕೆ ನಿಂತವನ ಹಾಗೆ ಚಪ್ಪಟೆ. ಸಿಸಿಲಿಯಾ ಅವನ ಮುಂಗೈ ಹಿಡಿದಳು. ಅದೇ ಹೊತ್ತಿಗೆ ಹಿಂದಿನಿಂದ ಅವನ ಭುಜದ ಮೇಲೆ ಒಂದು ಕೈ ಬಿತ್ತು. ಎಲ್ಲ ಮುಗಿಯಿತು ಎಂದುಕೊಂಡ.

ಹೊರಗೆ ಚಾ ಕೊಡುತ್ತಿದ್ದರು. ಬೆಂಜಮಿನ್ ಅವನನ್ನು ಜಗಲಿಯ ತುದಿಗೆ ಕರೆದುಕೊಂಡು ಹೋದರು.

"ನೀನು ನೋಡಿದೆ, ಅಲ್ವಾ?"

ಜೋಕಿಮ್ ತಲೆಯಾಡಿಸಿದ. ಮಾಸ್ತರರು ಯಾರೂ ಹತ್ತಿರ ಇಲ್ಲವೆಂದು ಆಚೀಚೆ ನೋಡಿಕೊಂಡರು.

"ಯಾರಿಗೂ ಹೇಳಬೇಡ ಮಾರಾಯ. ನನ್ನ ಕೆಲಸ ಹೋಗುತ್ತದೆ" ಎಂದರು ಅವರು. "ಕಿವಿ ಹೋಗಿ ನಾಲ್ಕೈದು ವರ್ಷ ಆಯಿತು. ಹತ್ತಿರ ಬಂದು ಕೂಗಿದರೆ ಅಷ್ಟಿಷ್ಟು ಕೇಳುತ್ತದೆ. ಡ್ರಮ್ಮು ಎದೆಗೆ ಬಡಿದದ್ದು ಗೊತ್ತಾಗುತ್ತದೆ, ಟ್ಯೂನು ಎಲ್ಲಿಗೆ ಬಂತು ಅಂತ ಗೊತ್ತಾಗುವುದಿಲ್ಲ. ನಿನ್ನ ಬೆರಳು ನೋಡಿ ಕೋಲು ಆಡಿಸುವುದು ನಾನು. ಉಳಿದವರ ಬೆರಳು ಉಸಿರು ಸಾಲದಾಗ ತಡವರಿಸುತ್ತದೆ. ನಿನ್ನದು ಒಮ್ಮೆಯೂ ಇಲ್ಲ. ಫಿಲ್ಮಿನಲ್ಲಿ ನನ್ನ ಕೋಲು ನಿನ್ನ ಬೆರಳಿನ ಹಿಂದೆಯೇ ಹೋಗುವುದು ಕಾಣಿಸಿತಲ್ಲ!"

ಐದು ವರ್ಷ ತನ್ನನ್ನು ಸುಟ್ಟ ಆ ಕಣ್ಣುಗಳು ದಾರಿ ಕೇಳುತ್ತಿದ್ದವು. ತಲೆ ತಗ್ಗಿಸಿ, "ಮಾಸ್ಟ್ರೇ, ನಾನು ಊದುವುದೇ ಇಲ್ಲ" ಎಂದು ಮೆಲ್ಲಗೆ ಹೇಳಿದ.

"ಎಂತ?"

ಇನ್ನೊಮ್ಮೆ ಹೇಳಿದ.

"ಗಟ್ಟಿ ಹೇಳು, ಕೇಳುವುದಿಲ್ಲ!"

ಚಾ ಕುಡಿಯುತ್ತಿದ್ದ ಹುಡುಗರು ತಿರುಗಿ ನೋಡಿದರು. ಜೋಕಿಮ್ ಗೋಡೆಗೆ ಮುಖ ಮಾಡಿ, ಹಲ್ಲಿನ ಸೆಟ್ ತೆಗೆದು, ಅಂಗೈಯಲ್ಲಿಟ್ಟು ತೋರಿಸಿದ. ಬೆಂಜಮಿನ್ ಹಲ್ಲು ನೋಡಿದರು, ಒಳಗೆ ಸರಿದ ಅವನ ತುಟಿ ನೋಡಿದರು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಡೆಗೆ ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮುಚ್ಚಿಸಿದರು.

"ಬೆರಳು ಉಂಟಲ್ವಾ? ಸಾಕು. ಇನ್ನು ಮೊದಲ ಸಾಲಿಗೆ ಬಾ. ನನ್ನ ಕಣ್ಣೂ ಮಂಜಾಗುತ್ತಾ ಬಂತು."

ಸ್ವಾತಂತ್ರ್ಯ ದಿನ ಅಜ್ಜರಕಾಡಿನಲ್ಲಿ ಜೋಕಿಮ್ ಮೊದಲ ಸಾಲಿನಲ್ಲಿ ನಿಂತ. ಸಿಸಿಲಿಯಾ ಕನ್ನಡಿಯ ಮುಂದೆ ಕೂರಿಸಿ ಕೆನ್ನೆ ಉಬ್ಬಿಸುವುದನ್ನು ಕಲಿಸಿದ್ದಳು, ಆ ಭಯ ಇರಲಿಲ್ಲ. ಹೊಸ ಭಯ ಬೇರೆ ಇತ್ತು. ಇಷ್ಟು ದಿನ ಬೆರಳು ತಪ್ಪಿದರೂ ಕೇಳುವವರಿಲ್ಲ ಎಂಬ ಒಂದು ಧೈರ್ಯ ಇತ್ತು, ಅದೂ ಈಗ ಹೋಗಿತ್ತು. ಮಾಸ್ತರರು ಕೋಲು ಎತ್ತಿ ಅವನ ಕೈಯನ್ನೇ ನೋಡುತ್ತ ಕಾದರು. ಅವನು ಬೆವರಿದ ಬೆರಳನ್ನು ಪ್ಯಾಂಟಿಗೆ ಒರೆಸಿ ಟ್ರಂಪೆಟ್ ಎತ್ತಿದ. ಊದದ ಆ ಟ್ರಂಪೆಟ್‌ನಲ್ಲಿ ಇನ್ನು ಒಂದು ಸ್ವರವೂ ತಪ್ಪುವಂತಿರಲಿಲ್ಲ.