ಒರೆಸಿದ ಬೋರ್ಡು

ಗುರುಗಳು ಮಕ್ಕಳ ಬೆಂಚಿನಲ್ಲಿ ಕೂತರೆ ಅವರ ಮೊಣಕಾಲು ಡೆಸ್ಕಿಗಿಂತ ಮೇಲೆ ಬರುತ್ತಿತ್ತು. ಅಷ್ಟು ಎತ್ತರದ ಆಳು. ಬಡಗಿಯ ಹಾಗೆ ಕಿವಿಗೆ ಪೆನ್ಸಿಲ್ ತುಂಡು ಸಿಕ್ಕಿಸಿಕೊಂಡು ನೇರ ಕೊನೆಯ ಬೆಂಚಿಗೆ ಹೋಗುತ್ತಿದ್ದರು. ಕಲಿಯಲು ಬಂದ ನಾವು ಮೇಷ್ಟ್ರುಗಳು ಬರೆಯುವಾಗ ಅವರೂ ಬರೆಯುತ್ತಿದ್ದರು. ಬರೆದದ್ದನ್ನು ಮೊದಲು ಓದುವವರೂ ಅವರೇ, ಚೆನ್ನಾಗಿಲ್ಲದಿದ್ದರೂ.

ಎಪ್ಪತ್ತರ ದಶಕದ ಕೊನೆಯಲ್ಲಿ ವಿಶ್ವವಿದ್ಯಾಲಯವು ಶಿಕ್ಷಕರಿಗೆಂದು ಬರವಣಿಗೆಯ ಬೋಧನೆ ಮತ್ತು ಅಭ್ಯಾಸದ ಸರ್ಟಿಫಿಕೇಟ್ ಕೋರ್ಸ್ ನಡೆಸಿತು. ಬೇಸಿಗೆ ರಜೆಯಲ್ಲಿ ಪುತ್ತೂರಿನಲ್ಲಿ ತರಗತಿ. ಶಾಲೆ ಶುರುವಾದ ಮೇಲೆ ಅವರವರ ಶಾಲೆಯಲ್ಲಿ ಒಂದು ಪರೀಕ್ಷಾ ಪಾಠ. ಸುಳ್ಯದ ಕಡೆಯ ಈ ಗುರುಗಳೇ ಕಲಿಸುವವರು, ಅವರೇ ಪರೀಕ್ಷಕರು. ನಾನು ಒಂದು ದಿನವೂ ತಡವಾಗಿ ಹೋಗಲಿಲ್ಲ, ಎಲ್ಲವನ್ನೂ ಬರೆದುಕೊಂಡೆ, ಯಾವುದನ್ನೂ ನಂಬಲಿಲ್ಲ. “ಅಡಿಗೆಯವರೂ ಒಮ್ಮೆ ಪಂಕ್ತಿಯಲ್ಲಿ ಕೂತು ಉಣ್ಣಬೇಕು ಮಾರಾಯ್ರೆ” ಎಂದು ಅವರು ಹೇಳಿದಾಗ ನಕ್ಕವರಲ್ಲಿ ನಾನೂ ಒಬ್ಬ. ನನ್ನ ಪ್ರಕಾರ ಪ್ರಬಂಧವೆಂದರೆ ಮೇಷ್ಟ್ರು ಬೋರ್ಡಿನಲ್ಲಿ ಬರೆಯುವುದು, ಮಕ್ಕಳು ತಪ್ಪಿಲ್ಲದೆ ನೋಡಿ ಬರೆಯುವುದು. ನಾನು ಕಲಿತದ್ದೂ ಹಾಗೆಯೇ. ಸರ್ಟಿಫಿಕೇಟ್ ಇದ್ದರೆ ಹೆಡ್ಮಾಸ್ಟರ್ ಆಗುವುದು ಸುಲಭ ಎಂದು ಸೇರಿದ್ದೆ.

ಪರೀಕ್ಷೆಯ ದಿನ ಅವರು ಪೆರಾಬೆಯ ನಮ್ಮ ಶಾಲೆಗೆ ಬಂದು ಕೊನೆಯ ಬೆಂಚಿನಲ್ಲಿ ಕಾಲು ಮಡಚಿ ಕೂತರು. ನಾನು ‘ನನ್ನ ತಾಯಿ’ ಎಂದು ತಲೆಬರಹ ಹಾಕಿ, ಪ್ರತಿ ವರ್ಷದಂತೆ ಬೋರ್ಡು ತುಂಬಿಸಿದೆ. ಮಕ್ಕಳ ತಲೆಗಳು ಒಟ್ಟಿಗೆ ಬಗ್ಗಿದವು. ನನಗೆ ಹೆಮ್ಮೆಯೆನಿಸಿತು.

ಗುರುಗಳು ಪಕ್ಕದ ಹುಡುಗಿಯ ಪುಸ್ತಕ ನೋಡಿದರು. ‘ನನ್ನ ತಾಯಿ ದಿನಾಲೂ ನನ್ನ ತಲೆ ಬಾಚುತ್ತಾಳೆ’ ಎಂದು ಬರೆದಿದ್ದಳು. ಅವಳ ಜಡೆ ಒಂದು ಮೇಲೆ, ಒಂದು ಕೆಳಗೆ.

“ಇವತ್ತು ಅಮ್ಮನಿಗೆ ಅರ್ಜೆಂಟಿತ್ತಾ ಮಗಾ?”

“ಅಮ್ಮ ಇಲ್ಲ ಸರ್. ಅಪ್ಪ ಕಟ್ಟುದು.”

“ಮತ್ತೆ ಇದೆಂತ?”

“ಬೋರ್ಡಿನಲ್ಲಿ ಉಂಟಲ್ಲ ಸರ್.”

ಆ ತಾಯಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ಉತ್ತರಕ್ರಿಯೆಗೆ ಮಗುವಿಗೆ ರಜೆ ಕೊಟ್ಟವನು ನಾನೇ.

ಗುರುಗಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಬೋರ್ಡು ಒರೆಸಿ ಮೇಷ್ಟ್ರೆ. ಎಲ್ಲರೂ ಬರೆಯುವ. ನೀವೂ ಕೂತ್ಕೊಳ್ಳಿ” ಎಂದರು.

ಒರೆಸಿ ಕೂತೆ. ‘ಅಮ್ಮ ಐದು ಗಂಟೆಗೆ ಏಳುತ್ತಿದ್ದರು. ಎಲ್ಲರ ಊಟವಾದ ಮೇಲೆ ಉಣ್ಣುತ್ತಿದ್ದರು.’ ಮುಂದೆ ಕೈ ಓಡಲಿಲ್ಲ. ಅವರು ಉಣ್ಣಲು ಕೂತಾಗ ಪಾತ್ರೆಯಲ್ಲಿ ಏನು ಉಳಿದಿರುತ್ತಿತ್ತು ಎಂದು ನಾನು ಒಮ್ಮೆಯೂ ನೋಡಿದವನಲ್ಲ. ಕೇಳೋಣವೆಂದರೆ ಅಮ್ಮ ಆಗಲೇ ಇರಲಿಲ್ಲ.

ಹುಡುಗಿ ಪುಟ ತುಂಬ ಬರೆದಿದ್ದಳು. ಅಪ್ಪ ದನ ಕಟ್ಟಿದ ಹಾಗೆ ರಿಬ್ಬನ್ ಕಟ್ಟುವುದು, ಅದನ್ನು ಬಿಚ್ಚಲು ಅಜ್ಜಿ ಬರಬೇಕಾಗುವುದು. ಓದುವಾಗ ಅವಳೂ ನಕ್ಕಳು. ನನ್ನ ಸರದಿಯಲ್ಲಿ ಎರಡು ಸಾಲು ಓದಿ ತಲೆ ತಗ್ಗಿಸಿದೆ.

ಗುರುಗಳೊಟ್ಟಿಗೆ ಬಸ್ಸಿಗೆ ಕಾಯುವಾಗ, ಫೇಲಾದೆನೆಂದೇ ಅಂದುಕೊಂಡಿದ್ದೆ. ಅವರೇ ಹೇಳಿದರು: “ಪಾಸು ಮಾಡಿದ್ದೇನೆ. ಬರೆದದ್ದಕ್ಕಲ್ಲ, ಒರೆಸಿದ್ದಕ್ಕೆ.”

ಹೆಡ್ಮಾಸ್ಟರ್ ಆದೆ. ಸರ್ಟಿಫಿಕೇಟಿಗೆ ಫ್ರೇಮು ಹಾಕಿಸುವ ಧೈರ್ಯ ಬರಲಿಲ್ಲ. ಎಂಬತ್ತರ ದಶಕದಲ್ಲಿ ಗುರುಗಳು ತೀರಿಕೊಂಡಾಗ, ಸಂತಾಪ ಸಭೆಯಲ್ಲಿ ಓದಲು ಯಾರೋ ಬರೆದು ತಂದ ಹಾಳೆಯನ್ನು ನನ್ನ ಕೈಗಿತ್ತರು. ಅದನ್ನು ಮಡಚಿಟ್ಟು, ಡೆಸ್ಕಿಗಿಂತ ಮೇಲೆ ಬರುತ್ತಿದ್ದ ಮೊಣಕಾಲಿನ ಕತೆ ಹೇಳಿದೆ.

ಅವರ ಬಗ್ಗೆ ಇಷ್ಟಾದರೂ ಬರೆಯಲು ನನ್ನಿಂದ ಆಯಿತು. ಅಮ್ಮನ ಬಗ್ಗೆ ಬರೆದದ್ದು ಇವತ್ತಿಗೂ ಆ ಎರಡು ಸಾಲಿನಲ್ಲೇ ನಿಂತಿದೆ.